ಮೃಗಾಲಯದಲ್ಲಿ ಇಡಿಯ ಕುಂಬಳಕಾಯಿ

ಗೇಟಿನಲ್ಲಿ ಮಾಟಗಾತಿಯ ಟೋಪಿ ಹಾಕಿಕೊಂಡಿದ್ದ ಹುಡುಗಿ ನನ್ನ ಬೆನ್ನ ಹಿಂದೆ ಮಕ್ಕಳಿದ್ದಾರೆಯೇ ಎಂದು ಇಣುಕಿದಳು. ಯಾರೂ ಇರಲಿಲ್ಲ. "ನೀವೊಬ್ಬರೇನಾ?" ಎಂದು ಕೇಳಿದಳು. ಆ ಪ್ರಶ್ನೆಯಲ್ಲಿ ಅನುಮಾನವಿತ್ತೋ, ಬರೀ ಟಿಕೆಟಿನ ವಿಚಾರವಿತ್ತೋ ಈಗ ಹೇಳಲಾರೆ. ನನಗಂತೂ ಅನುಮಾನವೆಂದೇ ಕೇಳಿಸಿತು. ಸದಸ್ಯತ್ವದ ಕಾರ್ಡು ತೋರಿಸಿ, ನಾನು ಭಾನುವಾರಗಳಲ್ಲಿ ಯಾವಾಗಲೂ ಬರುವವನು, ಇವತ್ತು ಹ್ಯಾಲೊವೀನ್ ಹಬ್ಬ ಇಟ್ಟುಕೊಂಡಿದ್ದೀರೆಂದು ತಿಳಿದಿರಲಿಲ್ಲ ಎಂದು ಅವಳು ಕೇಳದಿದ್ದರೂ ವಿವರಿಸಿದೆ. ಹಿಂದೆ ಸಾಲಿನಲ್ಲಿ ನಿಂತಿದ್ದ ಒಂದು ಕುಟುಂಬ, ತಂದೆ ತಾಯಿ ಸೇರಿ ಐವರೂ ಅಸ್ಥಿಪಂಜರಗಳು, ತಾಳ್ಮೆಯಿಂದ ಕಾಯುತ್ತಿತ್ತು.

ಬರ್ಮಿಂಗ್‌ಹ್ಯಾಮಿನ ಈ ಮೃಗಾಲಯ ಚಿಕ್ಕದು. ಹುಲಿ, ಸಿಂಹ ಇಲ್ಲ. ಕೋತಿಯಂಥ ಪಟ್ಟೆ ಬಾಲದ ಲೀಮರುಗಳು, ಕೆಂಪು ಪಾಂಡಾ, ನೀರುನಾಯಿ, ಗೂಬೆ, ಒಂದು ಹಾವಿನ ಮನೆ, ಒಂದು ಆಮೆ. ಲೀಮರುಗಳ ಎದುರಿಗೆ ಒಂದು ಬೆಂಚಿದೆ. ಅಲ್ಲಿ ಕೂತು ಫ್ಲಾಸ್ಕಿನ ಕಾಫಿ ಕುಡಿಯುವುದು ನನ್ನ ಭಾನುವಾರ. ಆ ಊರಿಗೆ ಬಂದು ಆಗ ವರ್ಷವಾಗಿತ್ತು. ಅದಕ್ಕೆ ಮುಂಚೆ ಹಡರ್ಸ್‌ಫೀಲ್ಡ್, ಅದಕ್ಕೂ ಮುಂಚೆ ಮ್ಯಾಂಚೆಸ್ಟರಿನ ಫಾಲೋಫೀಲ್ಡ್, ಎಲ್ಲಕ್ಕೂ ಮೊದಲು ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ ವಿದ್ಯಾರ್ಥಿ. ವಿಶ್ವವಿದ್ಯಾಲಯಗಳಲ್ಲಿ ಕಾಂಟ್ರಾಕ್ಟಿನ ಮೇಲೆ ಭೌತಶಾಸ್ತ್ರ ಹೇಳಿಕೊಡುವವನಿಗೆ ಊರು ಬದಲಾಗುತ್ತಲೇ ಇರುತ್ತದೆ ಎಂದು ಕೇಳಿದವರಿಗೆ ಹೇಳುತ್ತೇನೆ. ಒಂದು ಕಡೆ ಇನ್ನೂ ಇರಿ ಎಂದವರಿದ್ದರು, ನಾನೇ ಇರಲಿಲ್ಲ. ಒಂದೇ ಕಿಟಕಿಯಿಂದ ಒಂದೇ ಕಾರ್ ಪಾರ್ಕನ್ನು ಎರಡು ಚಳಿಗಾಲ ನೋಡಿದರೆ ನನಗೆ ಉಸಿರು ಕಟ್ಟುತ್ತದೆ. ಹೀಗೆ ಊರು ಬಿಡುತ್ತ ಬಂದವನಿಗೆ ಒಂದು ನಷ್ಟವಿದೆ. ಅವನ ಹಳೆಯ ದಿನಗಳಿಗೆ ಸಾಕ್ಷಿಗಳಿರುವುದಿಲ್ಲ. "ಅವತ್ತು ನೀನೂ ಇದ್ದೆ" ಎನ್ನುವವರು ಯಾರೂ ಸಿಗುವುದಿಲ್ಲ.

ಆ ದಿನ ಮೃಗಾಲಯ ತನ್ನ ಕೈಲಾದಷ್ಟು ಭಯಾನಕವಾಗಿತ್ತು. ದಾರಿಯುದ್ದಕ್ಕೂ ಹುಲ್ಲಿನ ಬೆದರುಬೊಂಬೆಗಳು, ಗೋರಿಕಲ್ಲಿನ ಆಕಾರದ ರಟ್ಟು. ಪುಟ್ಟ ಮಕ್ಕಳೂ ಬರಬಹುದು, ಯಾರೂ ಎದುರಿಗೆ ಹಾರಿ ಹೆದರಿಸುವುದಿಲ್ಲ ಎಂದು ಒಂದು ಫಲಕ ಭರವಸೆ ಕೊಡುತ್ತಿತ್ತು. ಹಾವಿನ ಮನೆಯ ಬಾಗಿಲಿಗೆ ನೈಲಾನಿನ ಜೇಡರ ಬಲೆ ಕಟ್ಟಿದ್ದರು. ಒಳಗೆ ಗಾಜಿನ ಹಿಂದೆ ಅಂಗೈ ಅಗಲದ ನಿಜವಾದ ಜೇಡ ಕೂತಿತ್ತು. ಮಕ್ಕಳು ಫೋಟೋ ತೆಗೆಸಿಕೊಳ್ಳುತ್ತಿದ್ದದ್ದು ಹೊರಗಿನ ನೈಲಾನಿನ ಮುಂದೆ.

ನನ್ನ ಬೆಂಚಿನ ಪಕ್ಕದಲ್ಲೇ ಒಂದು ಟೆಂಟು ಹಾಕಿದ್ದರು. ಒಳಗೆ ಉದ್ದನೆಯ ಮೇಜುಗಳು, ಮೇಜಿಗೊಂದು ಕುಟುಂಬ, ಕುಟುಂಬಕ್ಕೊಂದು ಕುಂಬಳಕಾಯಿ. ಕಣ್ಣು, ಮೂಗು, ಹಲ್ಲು ಕೊರೆದು ಕೊಟ್ಟರೆ ಅದನ್ನು ಲೀಮರುಗಳಿಗೆ ತಿನ್ನಲು ಇಡುತ್ತಾರೆ. ಸಣ್ಣ ಮಳೆ ಹನಿಯುತ್ತಿತ್ತು. ಟೆಂಟಿನ ಕಡೆಗಿದ್ದ ಬೆಂಚಿನ ತುದಿ ಮಾತ್ರ ಒಣಗಿತ್ತು, ಅಲ್ಲಿ ಕೂತೆ. ಆಗ ಕನ್ನಡ ಕೇಳಿಸಿತು.

"ಚಾಕು ಕೆಳಗಿಡು. ನೀನು ಕೊಯ್ಯಬೇಡ."

"ಅತ್ತೆ, ಇದು ಝೂ. ಅಡುಗೆಮನೆ ಅಲ್ಲ."

"ಝೂ ಆದ್ರೆ ಎಂತ? ಕುಂಬಳಕಾಯಿ ಕುಂಬಳಕಾಯಿಯೇ ಅಲ್ವಾ?"

ಸ್ವೆಟರಿನ ಮೇಲೆ ಕೋಟು, ಕೋಟಿನ ಕೆಳಗೆ ಸೀರೆ ಉಟ್ಟ ಹಿರಿಯ ಹೆಂಗಸು ಕುಂಬಳಕಾಯಿಯ ಮೇಲೆ ಅಂಗೈ ಊರಿ ನಿಂತಿದ್ದರು. ಎದುರಿಗೆ ಕಿತ್ತಳೆ ಹಿಡಿಯ ಸಣ್ಣ ಗರಗಸ ಹಿಡಿದ ಸೊಸೆ. ನಡುವೆ ಬಾವಲಿ ವೇಷದ ಆರೇಳು ವರ್ಷದ ಹುಡುಗಿ, ಒಂದು ರೆಕ್ಕೆ ಆಗಲೇ ಕಿತ್ತು ಜೋತಾಡುತ್ತಿತ್ತು. ಮಾತು ಉಡುಪಿಯ ಕಡೆಯದು. ಇಡಿಯ ಕುಂಬಳಕಾಯಿಗೆ ಹೆಂಗಸರು ಮೊದಲು ಚಾಕು ಹಾಕಬಾರದು ಎಂಬ ಪದ್ಧತಿ ನನ್ನ ಮೈಸೂರಿನಲ್ಲೂ ಇತ್ತು. ಕುಂಬಳಕಾಯಿ ಮನೆಯ ಹಿರಿಮಗನಿದ್ದ ಹಾಗೆ, ಗಂಡಸೊಬ್ಬ ಮೊದಲು ಹೋಳು ಮಾಡಿಕೊಟ್ಟರೆ ಆಮೇಲೆ ಹೆಂಗಸರು ಎಷ್ಟು ಬೇಕಾದರೂ ಹೆಚ್ಚಬಹುದು. ಯಾಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಕೊಡುತ್ತಿದ್ದರು.

ಮೇಜುಗಳನ್ನು ನೋಡಿಕೊಳ್ಳುತ್ತಿದ್ದ ಮೃಗಾಲಯದ ಹುಡುಗಿ ಬಂದು, ಬೇಕಿದ್ದರೆ ತಾನೇ ಕತ್ತರಿಸಿಕೊಡುತ್ತೇನೆ ಎಂದಳು.

"ಅವಳೂ ಹೆಂಗಸಲ್ವಾ?" ಎಂದರು ಅತ್ತೆ. ಕೈ ಕುಂಬಳಕಾಯಿ ಬಿಡಲಿಲ್ಲ.

ಸೊಸೆ ಕೆಂಪಾಗಿ, ಇದು ನಮ್ಮ ಧಾರ್ಮಿಕ ನಂಬಿಕೆ ಎಂದೇನೋ ಇಂಗ್ಲಿಷಿನಲ್ಲಿ ಹೇಳಿದಳು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು, ಖಂಡಿತ, ನಿಮಗೆ ಬೇಕಾದಷ್ಟು ಸಮಯ ತಗೊಳ್ಳಿ ಎಂದು ಕೈಕಟ್ಟಿ ನಿಂತಳು. ಅಷ್ಟು ಗೌರವ ಆ ಕುಂಬಳಕಾಯಿಗೆ ಅವತ್ತೇ ಮೊದಲು ಸಿಕ್ಕಿರಬೇಕು.

"ಎಂತ ಹೇಳಿದೆ ಅವಳಿಗೆ?"

"ದೇವರ ವಿಷಯ ಅಂತ ಹೇಳಿದೆ."

"ದೇವರೂ ಇಲ್ಲ ಎಂತದೂ ಇಲ್ಲ. ಹಾಗೆ ಮಾಡುದಿಲ್ಲ, ಅಷ್ಟೆ. ಅವನನ್ನು ಕರಿ ಫೋನು ಮಾಡಿ."

"ನಿಮ್ಮ ಮಗ ಆಸ್ಪತ್ರೆಯಲ್ಲಿದ್ದಾರೆ ಅತ್ತೆ. ರೋಟಾದಲ್ಲಿ ಇವತ್ತು ಅವರದ್ದೇ ಡ್ಯೂಟಿ. ಕುಂಬಳಕಾಯಿ ಕೊಯ್ಲಿಕ್ಕೆ ಬನ್ನಿ ಅಂತ ವಾರ್ಡಿಗೆ ಫೋನು ಮಾಡ್ಲಾ?"

ನಾನು ಸಾಮಾನ್ಯವಾಗಿ ಎದ್ದು ಹೋಗುವವನು. ಬಸ್ಸಿನಲ್ಲಿ ಕನ್ನಡ ಕೇಳಿಸಿದರೂ ಕಿಟಕಿ ನೋಡುತ್ತೇನೆ. ಪರಿಚಯವಾದರೆ ಯಾವ ಊರು, ಎಷ್ಟು ಮಕ್ಕಳು ಎಂಬ ಪ್ರಶ್ನೆಗಳು ಬರುತ್ತವೆ. ಎರಡನೆಯದಕ್ಕೆ ಉತ್ತರ ಹೇಳಿದ ಮೇಲೆ ಮಾತು ಮುಂದೆ ಹೋಗುವುದಿಲ್ಲ. ಅವತ್ತು ಮಾತ್ರ, "ನಾನು ಕೊಯ್ದುಕೊಡಲೇನಮ್ಮಾ?" ಎಂದುಬಿಟ್ಟೆ.

ಮೂವರೂ ತಿರುಗಿದರು. "ಅಯ್ಯೋ, ಕನ್ನಡದವರಾ ನೀವು? ಮತ್ತೆ ಇಷ್ಟು ಹೊತ್ತು ಎಂತ ಕಾಫಿ ಕುಡಿತಾ ಕೂತದ್ದು? ಬನ್ನಿ ಮಾರಾಯ್ರೇ" ಎಂದರು ಅತ್ತೆ.

ಗರಗಸ ಕೈಗೆ ಬಂದಾಗ, ಯಾರೂ ಕೇಳದೆ, ಇನ್ನೊಂದು ಮಾತೂ ಹೇಳಿದೆ. ಚಿಕ್ಕವನಿದ್ದಾಗ ಮೈಸೂರಿನ ನಮ್ಮ ವಠಾರದಲ್ಲಿ ಇದು ನನ್ನದೇ ಕೆಲಸವಾಗಿತ್ತು, ಗಂಡಸರು ಆಫೀಸಿಗೆ ಹೋದ ಮೇಲೆ ಯಾರ ಮನೆಯಲ್ಲಿ ಕುಂಬಳಕಾಯಿ ತಂದರೂ ನನ್ನನ್ನೇ ಕರೆಯುತ್ತಿದ್ದರು, ಕೊಯ್ದುಕೊಟ್ಟರೆ ಕೈಗೆ ಬೆಲ್ಲ ಹಾಕುತ್ತಿದ್ದರು, ಎಂದು. ಹೇಳುವಾಗ ಎಲ್ಲವೂ ಕಣ್ಣ ಮುಂದೆ ಇತ್ತು. ಈಳಿಗೆಮಣೆಯ ಮೇಲೆ ಒತ್ತಿ ಹಿಡಿದ ಕಾಲು, ಕಾಯಿ ಬಾಯಿಬಿಟ್ಟಾಗ ಬರುವ ಹಸಿ ವಾಸನೆ, ಸೀಮೆಎಣ್ಣೆ ಸ್ಟೌವಿನ ಪಕ್ಕ ನೆಲದ ಮೇಲೆ ಬಿದ್ದ ಬಿಸಿಲು.

"ಹಾಗಾದ್ರೆ ಪಳಗಿದ ಕೈ" ಎಂದರು ಅತ್ತೆ. "ನೋಡು, ಕುಂಬಳಕಾಯಿ ಮಾಸ್ಟ್ರೇ ಸಿಕ್ಕಿದ್ರು ನಮಗೆ."

ಮೇಲಿನ ಮುಚ್ಚಳ ಕೊಯ್ದು ಎತ್ತಿದೆ. ಅಲ್ಲಿಗೆ ನನ್ನ ಕೆಲಸ ಮುಗಿಯಬೇಕಿತ್ತು. ಬಾವಲಿ ನನ್ನ ನೀಲಿ ಜಾಕೆಟ್ಟಿನ ತೋಳು ಎಳೆದು ಹಲ್ಲುಗಳನ್ನೂ ನಾನೇ ಮಾಡಬೇಕೆಂದಳು. ಮೂರು ಹಲ್ಲು ಕೊರೆದೆ; ಮಧ್ಯದ್ದು ಮುರಿದುಹೋಯಿತು. ಅವಳು ನಕ್ಕು ಬಾಯಿ ತೆರೆದು ತೋರಿಸಿದಳು. ಅವಳದ್ದೂ ಮುಂದಿನದೇ ಒಂದು ಬಿದ್ದಿತ್ತು. ಅತ್ತೆ ತಿರುಳನ್ನೆಲ್ಲ ಕೆರೆದು ಅವಲಕ್ಕಿ ತಂದಿದ್ದ ಸ್ಟೀಲಿನ ಡಬ್ಬಿಗೆ ತುಂಬಿಕೊಂಡರು. ಅದು ಆಮೆಗೆಂದು ಇಟ್ಟ ಬಕೆಟ್ಟಿಗೆ ಹೋಗಬೇಕಿತ್ತಂತೆ. "ಆಮೆಗೆ ಸಿಪ್ಪೆ ಸಾಕು" ಎಂದರು.

ಲೀಮರುಗಳಿಗೆ ಕುಂಬಳಕಾಯಿ ಇಟ್ಟಾಗ ನಾವು ನಾಲ್ವರೂ ಬೇಲಿಗೆ ಒರಗಿ ನೋಡಿದೆವು. ಒಂದು ಬಂದು ಮೂಸಿತು, ಸುತ್ತ ನೋಡಿತು, ಮೂಗನ್ನೇ ಮೊದಲು ತಿಂದಿತು. ಹುಡುಗಿ ಕೇಕೆ ಹಾಕಿದಳು. ಪಕ್ಕದಲ್ಲಿ ನಿಂತಿದ್ದ ಇಂಗ್ಲಿಷ್ ಮುದುಕಿಯೊಬ್ಬಳು ನನ್ನತ್ತ ನೋಡಿ, ನಿಮ್ಮ ಮಗಳು ತುಂಬ ಮುದ್ದಾಗಿದ್ದಾಳೆ ಎಂದಳು. ನಾನು ತಿದ್ದುವ ಮೊದಲೇ ಮುಂದೆ ಹೋದಳು. ತಿದ್ದಲು ನನಗೆ ಸಮಯವಿತ್ತು ಎಂದೂ ಒಮ್ಮೊಮ್ಮೆ ಅನಿಸುತ್ತದೆ.

ಹೊರಡುವಾಗ ಅತ್ತೆ, "ದೀಪಾವಳಿಗೆ ನಮ್ಮಲ್ಲಿಗೇ ಬರಬೇಕು. ಕುಂಬಳಕಾಯಿಯ ಗಟ್ಟಿ ಮಾಡ್ತೇನೆ, ಬಾಳೆಲೆಯಲ್ಲಿ ಬೇಯಿಸಿ. ಇಲ್ಲಿ ಎಲೆ ಸಿಗ್ತದೆ, ನಾನು ನೋಡಿಟ್ಟಿದ್ದೇನೆ. ಇಡೀ ಕಾಯಿ ತರಿಸ್ತೇನೆ, ನೀವೇ ಬಂದು ಕೊಯ್ಯಬೇಕು" ಎಂದರು. ಸೊಸೆ ನನ್ನ ನಂಬರು ಹಾಕಿಕೊಂಡಳು.

ಆ ವಾರ ನಾನು ಸ್ವಲ್ಪ ಬೇರೆ ಮನುಷ್ಯನಾಗಿದ್ದೆ. ಕಾಯುವವನಾಗಿದ್ದೆ. ಇಸ್ತ್ರಿ ಮಾಡದ ಜುಬ್ಬವನ್ನು ಹುಡುಕಿ ಇಸ್ತ್ರಿ ಮಾಡಿದೆ. ಅಕ್ಕನಿಗೆ ಮೈಸೂರಿಗೆ ಫೋನು ಮಾಡಿ ಇದೆಲ್ಲವನ್ನೂ ಹೇಳಿದೆ. ಅವಳಿಗೆ ಹೇಳಲು ನನ್ನ ಬಳಿ ಹವಾಮಾನ ಬಿಟ್ಟು ಬೇರೇನಾದರೂ ಇರುವುದು ಅಪರೂಪ. ಅವಳು ನಕ್ಕಳು. ಆಮೇಲೆ ಕೇಳಿದಳು:

"ನೀನೆಲ್ಲೋ ಕೊಯ್ತಿದ್ದೆ? ಅಣ್ಣ ಅಲ್ವೇನೋ ಹೋಗ್ತಿದ್ದದ್ದು?"

"ಇಲ್ಲ, ನಾನು. ಬೆಲ್ಲ ಕೊಡ್ತಿದ್ರಲ್ಲ."

"ಬೆಲ್ಲಕ್ಕೆ ನೀನು ಅವನ ಹಿಂದೆ ಓಡ್ತಿದ್ದೆ. ನಿನ್ನ ಕೈಗೆ ಯಾರು ಕಣೋ ಈಳಿಗೆ ಕೊಡ್ತಿದ್ರು? ಪೆನ್ಸಿಲ್ ಕೆತ್ತೋಕೆ ಹೋಗಿ ಬೆರಳು ಕೊಯ್ಕೊಂಡವನು ನೀನು."

ಫೋನಿಟ್ಟ ಮೇಲೆ ಆ ನೆನಪನ್ನು ಮೇಜಿನ ಮೇಲಿಟ್ಟು ಬಿಚ್ಚಿ ನೋಡಿದೆ. ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡುವುದು ಅದನ್ನೇ. ನೋಡಿದ್ದು ಯಾವುದು, ಊಹಿಸಿದ್ದು ಯಾವುದು, ಬೇರೆ ಮಾಡಿ. ಕಣ್ಣು ಮುಚ್ಚಿದರೆ ಕಾಣುವುದೇನು? ಈಳಿಗೆಯ ಮೇಲಿನ ಕಾಲು. ಪಾದ, ಹಿಮ್ಮಡಿ, ಹಿಮ್ಮಡಿಯ ಒಡಕು. ತನ್ನ ಹಿಮ್ಮಡಿಯನ್ನು ಈಳಿಗೆಯ ಮುಂದೆ ಕೂತವನು ಹೇಗೆ ನೋಡಿಯಾನು? ಪಟ್ಟೆ ಅಂಗಿಯ ಬೆನ್ನು ಕಾಣುತ್ತದೆ, ಬೆನ್ನ ಮೇಲೆ ಅಂಗಿ ಬೆವರಿಗೆ ಅಂಟಿದ್ದು ಕಾಣುತ್ತದೆ. ನಾನು ಹಿಂದೆ ನಿಂತಿದ್ದೆ. ನಮ್ಮನ್ನು ನಾವೇ ಹೊರಗಿನಿಂದ ನೋಡುವ ನೆನಪುಗಳೂ ಇರುತ್ತವೆ, ಗೊತ್ತು. ಆ ದಾರಿ ಹಿಡಿದು ಕೇಸು ಗೆಲ್ಲಲು ಒಂದು ಸಂಜೆಯೆಲ್ಲ ಯತ್ನಿಸಿದೆ. ಬೆಲ್ಲದ ರುಚಿ ಮಾತ್ರ ಯಾವ ಕಡೆಯಿಂದ ನೋಡಿದರೂ ನನ್ನ ನಾಲಗೆಯ ಮೇಲೇ ಇತ್ತು. ಅಷ್ಟು ಮಾತ್ರ ನನ್ನದು.

ದೀಪಾವಳಿಯ ದಿನ ಉಡುಪಿಯ ಆ ಹಿರಿಯರಿಗೆ ಇದನ್ನು ಹೇಳಿಬಿಡಬೇಕು ಎಂದುಕೊಂಡೆ. ನಾನು ಕುಂಬಳಕಾಯಿ ಮಾಸ್ಟರ್ ಅಲ್ಲಮ್ಮ, ಮಾಸ್ಟರ ತಮ್ಮ. ಅವರು ಏನೆನ್ನಬಹುದೆಂದು ಬಸ್ಸಿನಲ್ಲಿ ಮನಸ್ಸಿನಲ್ಲೇ ಆಡಿಸಿಕೊಂಡು ನೋಡಿದೆ. ಹೇಳಿದರೆ ನಗುತ್ತಾರೆ ಎನ್ನುವಷ್ಟು ಹೊತ್ತು ಧೈರ್ಯ, ಮುಖ ಸಣ್ಣಗಾದರೆ ಎನ್ನುವಷ್ಟು ಹೊತ್ತು ಅಧೈರ್ಯ. ದೀಪಾವಳಿ ಬಂತು. ಬೆಳಿಗ್ಗೆ ಫೋನಿಗೆ ಒಂದು ಸಂದೇಶವೂ ಬಂತು. ಮಿನುಗುವ ಹಣತೆ, ಕೆಳಗೆ "ನಿಮಗೂ ನಿಮ್ಮ ಕುಟುಂಬಕ್ಕೂ ಶುಭಾಶಯಗಳು". ಸೊಸೆ ಎಲ್ಲರಿಗೂ ಕಳಿಸಿದ್ದು. ನಾನೂ ಹಣತೆಯೊಂದನ್ನು ಕಳಿಸಿದೆ. ಮಧ್ಯಾಹ್ನದವರೆಗೆ ಜುಬ್ಬ ಹಾಕಿಕೊಂಡೇ ಇದ್ದೆ, ಆಮೇಲೆ ಚಳಿಯಾಗುತ್ತದೆಂದು ಸ್ವೆಟರ್ ಹಾಕಿಕೊಂಡೆ.

ಅವರನ್ನು ದೂರುತ್ತಿಲ್ಲ. ಝೂನಲ್ಲಿ ಸಿಕ್ಕ ಒಂಟಿ ಗಂಡಸನ್ನು ಹಬ್ಬದ ದಿನ ಮನೆಗೆ ಕರೆಯುವವರು ಎಷ್ಟು ಜನ? ನಾನೂ ಒಂದು ಫೋನು ಮಾಡಬಹುದಿತ್ತು.

ಮುಂದಿನ ವರ್ಷದ ಅಕ್ಟೋಬರಿನ ಹೊತ್ತಿಗೆ ನನ್ನ ಕಾಂಟ್ರಾಕ್ಟು ಮುಗಿಯುತ್ತ ಬಂದಿತ್ತು, ಲೀಡ್ಸಿನಲ್ಲಿ ಇನ್ನೊಂದು ಸಿಕ್ಕಿತ್ತು. ಈ ಸಲ ಹ್ಯಾಲೊವೀನ್ ಯಾವ ಭಾನುವಾರ ಎಂದು ತಿಳಿದುಕೊಂಡೇ ಹೋದೆ. ಲೀಮರುಗಳನ್ನು ಕೊನೆಯ ಸಲ ನೋಡಿ ಬರೋಣವೆಂದು ನನಗೆ ನಾನೇ ಹೇಳಿಕೊಂಡೆ. ಅದೇ ಟೆಂಟು, ಅದೇ ರಟ್ಟಿನ ಗೋರಿಗಳು, ಮಳೆಗೆ ಮೂಲೆ ಸುರುಳಿಯಾಗಿದ್ದವು.

ಅವರು ಒಳಗಿನ ಮೇಜಿನಲ್ಲಿದ್ದರು, ತಾಯಿ ಮತ್ತು ಮಗಳು. ಹುಡುಗಿ ಎತ್ತರವಾಗಿದ್ದಳು, ಈ ಬಾರಿ ಬೆಕ್ಕು. ತಾಯಿ ಆಗಲೇ ಗರಗಸ ಆಡಿಸುತ್ತಿದ್ದಳು. ಮುಚ್ಚಳ ಅರ್ಧ ಕೊಯ್ದಾಗಿತ್ತು. ನನ್ನನ್ನು ನೋಡಿ, ಒಂದು ಕ್ಷಣ ತಡೆದು, ಗುರುತು ಹಿಡಿದಳು.

"ಓ, ನೀವಾ. ಅತ್ತೆ ಊರಿಗೆ ಹೋದ್ರು, ಫೆಬ್ರವರಿಯಲ್ಲೇ. ಹಾಗಾಗಿ ನಾನೇ ಶುರು ಮಾಡಿದೆ, ನೋಡಿ." ಗರಗಸ ಎತ್ತಿ ತೋರಿಸಿ ನಕ್ಕಳು. "ದೀಪಾವಳಿಗೆ ನಿಮ್ಮನ್ನು ಕರಿಯುವಾ ಅಂತ ಇತ್ತು. ಇವರಿಗೆ ಆ ದಿನ ಡ್ಯೂಟಿ ಬಂತು, ಮತ್ತೆ ಹಾಗೇ ಆಯ್ತು. ಅತ್ತೆ ಎರಡು ಸಲ ಕೇಳಿದ್ರು, ಮಾಸ್ಟ್ರಿಗೆ ಹೇಳಿದೆಯಾ ಅಂತ."

ಎರಡು ಸಲ ಕೇಳಿದ್ದರು. ಅದನ್ನು ಎತ್ತಿ ಇಟ್ಟುಕೊಂಡೆ.

ಹುಡುಗಿಯ ಕಡೆ ಬಾಗಿ, "ಹೋದ ವರ್ಷದ ಕುಂಬಳಕಾಯಿ ನೆನಪಿದೆಯಾ ಪುಟ್ಟಾ?" ಎಂದು ಕೇಳಿದೆ. ಕೇಳಬಾರದಿತ್ತು ಎಂದು ಈಗ ಅನಿಸುವುದಿಲ್ಲ. ಆದರೆ ನನಗೆ ಎಂಥ ಉತ್ತರ ಬೇಕಾಗಿತ್ತು ಎಂಬುದು ಗೊತ್ತಿದ್ದೇ ಕೇಳಿದ್ದೆ.

ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು. ಉತ್ತರ ಇಂಗ್ಲಿಷಿನಲ್ಲಿ ಬರುತ್ತಿತ್ತು. ನೆನಪಿದೆಯಂತೆ. ಲೀಮರ್ ಮೂಗು ತಿಂದಿತಂತೆ. ಹಲ್ಲುಗಳನ್ನು ಡ್ಯಾಡಿ ಮಾಡಿದ್ದಂತೆ, ಒಂದು ಮುರಿಯಿತಂತೆ, ಅವಳ ಹಲ್ಲಿನ ಹಾಗೇ.

"ಡ್ಯಾಡಿ ಅಲ್ಲ ಮಗಾ" ಎಂದಳು ತಾಯಿ. "ಡ್ಯಾಡಿ ಆ ದಿನ ಆಸ್ಪತ್ರೆಯಲ್ಲಿ."

"ನೋ. ಹಿ ವಾಸ್ ಹಿಯರ್."

"ಇವರಲ್ವಾ ಕೊಯ್ದದ್ದು, ಈ ಅಂಕಲ್?"

ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಮುಖದಲ್ಲಿ ಸುಳ್ಳಿರಲಿಲ್ಲ, ಹಟವೂ ಇರಲಿಲ್ಲ. ಒಬ್ಬ ಸಾಕ್ಷಿ ಅಪರಿಚಿತನನ್ನು ನೋಡುವ ಹಾಗೆ ನೋಡಿದಳು. ನಂತರ ತಾಯಿಗೆ, ಡ್ಯಾಡಿ ನೀಲಿ ಜಾಕೆಟ್ ಹಾಕಿಕೊಂಡಿದ್ದರು, ನನ್ನ ರೆಕ್ಕೆ ಹರಿದಿತ್ತು, ಎಂದು ವಿವರಿಸಿದಳು. ನಾನು ಅದೇ ನೀಲಿ ಜಾಕೆಟ್ಟಿನಲ್ಲಿ ನಿಂತಿದ್ದೆ.

ತಾಯಿ ಮುಜುಗರದಿಂದ, "ಅತ್ತೆಗೆ ವೀಡಿಯೋ ಕಾಲ್ ಮಾಡುವಾ, ಅವರೇ ಹೇಳ್ತಾರೆ" ಎಂದು ಫೋನು ತೆಗೆದಳು. ಬೇಕೆನಿಸಿತು. ಆ ಹಿರಿಯರೊಬ್ಬರು ಪರದೆಯ ಮೇಲೆ ಬಂದು, "ಹೌದು ಮಾರಾಯ್ತಿ, ಇವರೇ" ಎಂದರೆ ಸಾಕಿತ್ತು, ಬರ್ಮಿಂಗ್‌ಹ್ಯಾಮಿನಲ್ಲಿ ನಾನು ಇದ್ದೆನೆಂಬುದಕ್ಕೆ ಒಂದು ಸಾಕ್ಷಿ ಸಿಗುತ್ತಿತ್ತು. ಆದರೆ ಆ ಮಗುವಿನ ಮುಖ ನೋಡುತ್ತಿದ್ದೆ. ರೋಟಾದ ಭಾನುವಾರಗಳಲ್ಲಿ ಕಾಣದ ತಂದೆಯನ್ನು ಅವಳು ಒಂದು ಒಳ್ಳೆಯ ದಿನದೊಳಕ್ಕೆ ಕರೆದು ತಂದು, ಕೈಗೆ ಗರಗಸ ಕೊಟ್ಟಿದ್ದಳು. ಹೇಗೆ ಮಾಡಿದಳೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಟೆಂಟಿನಲ್ಲಿ ಇರಲಿಲ್ಲ.

"ಬೇಡ ಬಿಡಿ" ಎಂದೆ. "ಹಲ್ಲು ಡ್ಯಾಡಿಯೇ ಮಾಡಿರಬೇಕು. ನಾನು ಮುಚ್ಚಳ ಮಾತ್ರ."

ತಾಯಿ ನನ್ನನ್ನು ನೋಡಿದಳು. ಗರಗಸ ಕೆಳಗಿಟ್ಟು ಫೋನನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಹುಡುಗಿಗೆ ಆಗಲೇ ನಾವಿಬ್ಬರೂ ಬೇಡವಾಗಿದ್ದೆವು; ತಿರುಳಿಗೆ ಮೊಣಕೈವರೆಗೆ ಕೈ ಹಾಕಿದ್ದಳು. ಲೀಡ್ಸಿಗೆ ಹೋಗುತ್ತಿರುವುದನ್ನು ಹೇಳಿ ಹೊರಟೆ. ಬೇಲಿಯ ಬಳಿ ಸ್ವಲ್ಪ ಹೊತ್ತು ನಿಂತೆ. ಬೇರೆ ಯಾರದೋ ಕುಂಬಳಕಾಯಿಯನ್ನು ಲೀಮರುಗಳು ತಿನ್ನುತ್ತಿದ್ದವು, ಈ ಸಲ ಕಿವಿಯ ಕಡೆಯಿಂದ.

ಬಸ್ಸಿನ ಮೇಲ್ಮಹಡಿಯಲ್ಲಿ ಕೂತು ಅಣ್ಣನಿಗೆ ಫೋನು ಮಾಡಿದೆ. ಅವನು ನಿವೃತ್ತನಾಗಿ ಹಾಸನದಲ್ಲಿದ್ದಾನೆ. ನಮ್ಮಿಬ್ಬರ ನಡುವೆ ಜಗಳವಿಲ್ಲ, ಮಾತೂ ಇಲ್ಲ, ಯುಗಾದಿಗೊಮ್ಮೆ, ಹುಟ್ಟುಹಬ್ಬಕ್ಕೊಮ್ಮೆ. ಹಾಗಾಗಿ ಅವನು "ಏನೋ, ಹುಷಾರಾಗಿದ್ದೀಯ ತಾನೇ?" ಎಂದು ಗಾಬರಿಯಲ್ಲೇ ಎತ್ತಿದ.

"ಹುಷಾರಾಗಿದ್ದೀನಿ. ಒಂದು ವಿಷಯ ಹೇಳ್ಬೇಕಿತ್ತು. ವಠಾರದಲ್ಲಿ ಕುಂಬಳಕಾಯಿ ಕೊಯ್ತಿದ್ದದ್ದು ನೀನು."

"ಯಾವ ಕುಂಬಳಕಾಯಿ?"

"ಹೆಂಗಸರು ಮೊದಲು ಕೊಯ್ಬಾರದು ಅಂತ, ಎಲ್ಲರ ಮನೆಗೂ ನಿನ್ನ ಕರೀತಿದ್ರಲ್ಲ. ನಾನು ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ನೀನು."

ಆ ಕಡೆ ಟೀವಿಯಲ್ಲಿ ಯಾರೋ ಜೋರಾಗಿ ವಾರ್ತೆ ಓದುತ್ತಿದ್ದರು. "ನನಗೆ ಒಂಚೂರೂ ನೆನಪಿಲ್ಲ ಕಣೋ" ಎಂದ ಅಣ್ಣ. "ಹೌದಾ, ನಾನು ಹೋಗ್ತಿದ್ನಾ?"

"ಪಟ್ಟೆ ಅಂಗಿ ಹಾಕ್ಕೊಂಡು."

"ಪಟ್ಟೆ ಅಂಗಿ ಇತ್ತು, ಅದು ಹೌದು. ಯಾರ್‌ಯಾರ ಮನೆಗೆ ಹೋಗ್ತಿದ್ದೆ?"

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತ್ತು. ಕೆಳಗೆ ಫುಟ್‌ಪಾತಿನಲ್ಲಿ ಹಾಸಿಗೆಯ ಬಿಳಿ ಚಾದರ ಹೊದ್ದ ಒಂದು ದೆವ್ವ ತಾಯಿಯ ಕೈಹಿಡಿದು ದಾರಿ ದಾಟಲು ಕಾಯುತ್ತಿತ್ತು. ನಾನು ಹೇಳತೊಡಗಿದೆ. ಬಾವಿಕಟ್ಟೆಯ ಪಕ್ಕದ ಮನೆಯಿಂದ ಶುರುಮಾಡಿ, ಈಳಿಗೆಯ ಮೇಲಿನ ಅವನ ಕಾಲು, ಹಿಮ್ಮಡಿಯ ಒಡಕು, ಕಾಯಿ ಬಾಯಿಬಿಡುವ ಸದ್ದು. ಇದರಲ್ಲಿ ಎಷ್ಟು ನಿಜ ಎಂದು ಕೇಳಿದರೆ ಹೇಳಲಾರೆ.

"ಒಂದ್ನಿಮಿಷ ತಡಿ" ಎಂದ ಅಣ್ಣ. ಟೀವಿಯ ಸದ್ದು ನಿಂತಿತು. "ಹ್ಞಾಂ, ಹೇಳು. ಆಮೇಲೆ?"